ಕೈ ಚುರುಕು, ಕಾಲು ಭಾರ: ಹದಿನಾಲ್ಕರ ಹುಡುಗನ ಸ್ಕೇಟಿಂಗ್

ಪ್ರಶ್ನೆ:

ನಾವು ಕೊಡಗಿನವರು. ಈಗ ಟೊರೊಂಟೊ ಪಕ್ಕದ ಒಂದು ಊರಲ್ಲಿದ್ದೇವೆ. ಮಗನಿಗೆ 14 ವರ್ಷ, ಅಕ್ಟೋಬರ್‌ನಲ್ಲಿ ಹುಟ್ಟಿದವನು. ಎಂಟನೇ ವಯಸ್ಸಿಗೆ ಮೊದಲ ಸಲ ಐಸ್ ಮೇಲೆ ಕಾಲಿಟ್ಟ. ಈಗ ಐಸ್ ಹಾಕಿಯಲ್ಲಿ ಯು15 (ಹದಿನೈದರೊಳಗಿನವರ) ಡಬಲ್ ಎ, ಅಂದರೆ ಎರಡನೇ ದರ್ಜೆಯ ತಂಡದಲ್ಲಿ ಫಾರ್ವರ್ಡ್ (ಮುಂದಿನ ಸಾಲಿನ ಆಟಗಾರ) ಆಡುತ್ತಾನೆ. ಸೀಸನ್ ಮುಗಿದ ಮೇಲೆ ಕೋಚ್ ಕೊಟ್ಟ ವರದಿಯಲ್ಲಿ ಹೀಗಿದೆ: ಸ್ಟಿಕ್ ಕೆಲಸ ತುಂಬಾ ಚೆನ್ನಾಗಿದೆ, ಪಕ್ (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಎಲ್ಲಿಗೆ ಬರುತ್ತದೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳುತ್ತಾನೆ, ಆದರೆ ಸ್ಕೇಟಿಂಗ್ ಸಾಲದು, ಕಾಲು ಭಾರ. ಅತಿ ಮೇಲಿನ ದರ್ಜೆಯ ಟ್ರಿಪಲ್ ಎ ತಂಡದ ಟ್ರೈಔಟ್‌ನಲ್ಲೂ ಇದೇ ಮಾತು ಹೇಳಿ ಕೈಬಿಟ್ಟರು. ಕಳೆದ ಒಂದು ವರ್ಷದಲ್ಲಿ 10 ಸೆಂಟಿಮೀಟರ್ ಉದ್ದವಾಗಿದ್ದಾನೆ. ನಮ್ಮ ಯಜಮಾನರು ವಾರಕ್ಕೆ ನಾಲ್ಕು ದಿನ ಪವರ್ ಸ್ಕೇಟಿಂಗ್ (ಹಾಕಿಗೆ ಬೇಕಾದ ಸ್ಕೇಟಿಂಗ್ ಮಾತ್ರ ಕಲಿಸುವ ಕ್ಲಾಸ್), ಬೇಸಿಗೆಯಲ್ಲಿ ಸ್ಕೇಟಿಂಗ್ ಟ್ರೆಡ್‌ಮಿಲ್, ಮುಂದಿನ ವರ್ಷ ಹಾಕಿ ಅಕಾಡೆಮಿ ಅಂತ ಲೆಕ್ಕ ಹಾಕಿದ್ದಾರೆ. ಊರಲ್ಲಿರುವ ಮಾವನವರು ‘ನಮ್ಮ ರಕ್ತದಲ್ಲಿರೋದು ಮೈದಾನದ ಹಾಕಿ, ಮಂಜುಗಡ್ಡೆಯದ್ದಲ್ಲ’ ಅನ್ನುತ್ತಾರೆ. ನಾವು ತಡ ಮಾಡಿಬಿಟ್ಟೆವಾ? ಇವನಿಗೆ ಇನ್ನು ಸ್ಕೇಟಿಂಗ್ ಬರುತ್ತದಾ? ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಬೇಡ? ಇತ್ತೀಚೆಗೆ ಸಂಜೆ ಮೊಣಕಾಲು ನೋವು ಅನ್ನುತ್ತಾನೆ. ಬೆಳೆಯುವ ಮಕ್ಕಳಿಗೆ ಅದು ಸಹಜ ಅಲ್ವಾ?

ಉತ್ತರ:

ಮೊಣಕಾಲು ನೋವನ್ನು ನೀವು ಪತ್ರದ ಕೊನೆಗೆ, ಒಂದೇ ಸಾಲಲ್ಲಿ ಬರೆದಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಸ್ಕೇಟಿಂಗ್ ಕೋಚ್, ಡಾಕ್ಟರ್ ಅಲ್ಲ. ಆದರೆ ಈ ವಯಸ್ಸಿನ ಹುಡುಗರ ಮೊಣಕಾಲು ನೋವನ್ನು ಪ್ರತಿ ಸೀಸನ್‌ನಲ್ಲೂ ನೋಡುತ್ತೇನೆ. ಮಂಡಿಚಿಪ್ಪಿನ ಸ್ವಲ್ಪ ಕೆಳಗೆ, ಮೂಳೆ ಉಬ್ಬಿರುವ ಜಾಗದಲ್ಲಿ ಒತ್ತಿದರೆ ನೋವಾಗುತ್ತದಾ ಕೇಳಿ. ಹಾಗಿದ್ದರೆ ಅದು ಬಹುಶಃ ಆಸ್ಗುಡ್–ಶ್ಲಾಟರ್ ಅನ್ನುವ ತೊಂದರೆ. ತೊಡೆಯ ಸ್ನಾಯು ಬಿಗಿಯಾಗಿ, ಇನ್ನೂ ಬೆಳೆಯುತ್ತಿರುವ ಮೂಳೆಯ ತುದಿಯನ್ನು ಎಳೆಯುತ್ತಿರುತ್ತದೆ. ಹೆಚ್ಚಿನವರಿಗೆ ಬೆಳವಣಿಗೆ ಮುಗಿದ ಮೇಲೆ ಅದು ತಾನಾಗಿ ಕಡಿಮೆಯಾಗುತ್ತದೆ. ಆದರೆ ಅಲ್ಲಿಯವರೆಗೆ ಭಾರ ಕಡಿಮೆ ಮಾಡಬೇಕು, ಜಾಸ್ತಿ ಮಾಡಬಾರದು. ಇನ್ನೊಂದು ವಿಷಯ ಬಹಳ ತಂದೆತಾಯಿಗೆ ಗೊತ್ತಿರುವುದಿಲ್ಲ. ಬೆಳೆಯುವ ಮಕ್ಕಳಲ್ಲಿ ಸೊಂಟದ ಕೀಲಿಗೆ ತೊಂದರೆಯಾಗಿದ್ದರೆ ನೋವು ಮೊಣಕಾಲಲ್ಲಿ ಕಾಣಿಸಿಕೊಳ್ಳಬಹುದು. ಹುಡುಗ ಕುಂಟುತ್ತಿದ್ದರೆ, ನೋವಿನಿಂದ ರಾತ್ರಿ ಎಚ್ಚರವಾಗುತ್ತಿದ್ದರೆ, ಒಂದು ಪಾದ ಹೊರಕ್ಕೆ ತಿರುಗಿಕೊಂಡಿದ್ದರೆ, ಒಂದು ದಿನವೂ ಕಾಯದೆ ಡಾಕ್ಟರಿಗೆ ತೋರಿಸಿ. ಇವು ಯಾವುದೂ ಇಲ್ಲದಿದ್ದರೂ ಒಂದು ಸಲ ತೋರಿಸಿಯೇ ಬೇಸಿಗೆಯ ಯೋಜನೆ ಹಾಕಿ. ಅದಕ್ಕೆ ಮೊದಲು ವಾರಕ್ಕೆ ನಾಲ್ಕು ದಿನ ಪವರ್ ಸ್ಕೇಟಿಂಗ್ ಖಂಡಿತ ಬೇಡ.

ಈಗ ನಿಮ್ಮ ದೊಡ್ಡ ಪ್ರಶ್ನೆ. ತಡವಾಯಿತಾ? ಇಲ್ಲ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ನಾನು ಬೆಂಗಳೂರಿನಲ್ಲಿ ನಾಲ್ಕು ಗಾಲಿಯ ಸ್ಕೇಟ್ ಮೇಲೆ ಬೆಳೆದವಳು. ಐಸ್ ಮೇಲೆ ಮೊದಲು ನಿಂತಾಗ ನನಗೆ 23. ಪ್ರತಿ ಎಡ್ಜನ್ನೂ (ಬ್ಲೇಡಿನ ಅಂಚಿನ ಮೇಲೆ ವಾಲಿ ಜಾರುವುದು) ಪ್ರತಿ ತಿರುವನ್ನೂ ದೊಡ್ಡವಳಾದ ಮೇಲೆ, ಅರ್ಥ ಮಾಡಿಕೊಂಡು ಕಲಿತೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಮೂರು ವರ್ಷಕ್ಕೇ ಐಸ್ ಮೇಲೆ ಇರುತ್ತಾರೆ, ನಿಜ. ಅವರಿಗೆ ಭಯ ಇರುವುದಿಲ್ಲ, ಬೀಳುವುದು ಅಭ್ಯಾಸವಾಗಿರುತ್ತದೆ. ಆದರೆ ಬೇಗ ಶುರು ಮಾಡಿದವರೆಲ್ಲ ಸರಿಯಾಗಿ ಕಲಿತಿರುತ್ತಾರೆ ಅಂತಿಲ್ಲ. ತಪ್ಪು ರೂಢಿ ಹತ್ತು ವರ್ಷ ಗಟ್ಟಿಯಾದ ಹುಡುಗನನ್ನು ತಿದ್ದುವುದಕ್ಕಿಂತ ಆರು ವರ್ಷದಿಂದ ಆಡುತ್ತಿರುವ ನಿಮ್ಮ ಮಗನನ್ನು ತಿದ್ದುವುದು ಎಷ್ಟೋ ಸಲ ಸುಲಭ.

ದೊಡ್ಡವರಾದ ಮೇಲೆ ಸ್ಕೇಟಿಂಗ್ ಬದಲಾಗುವುದಿಲ್ಲ ಅನ್ನುವ ನಂಬಿಕೆ ಸುಳ್ಳಾಗಿ ಬಹಳ ಕಾಲವಾಯಿತು. 1970ರ ದಶಕದಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡದ ಬಾಬ್ ನಿಸ್ಟ್ರೋಮ್ ಅವರಿಗೆ ಸ್ಕೇಟಿಂಗೇ ದೊಡ್ಡ ಕೊರತೆಯಾಗಿತ್ತು. ಅವರು ಲಾರಾ ಸ್ಟ್ಯಾಮ್ ಅನ್ನುವ ಸ್ಕೇಟಿಂಗ್ ಶಿಕ್ಷಕಿಯ ಹತ್ತಿರ ಕಲಿಯಲು ಹೋದರು. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಐಸ್ ಹಾಕಿ ಲೀಗ್) ಆಟಗಾರನೊಬ್ಬ ಹೆಂಗಸಿನ ಹತ್ತಿರ ಸ್ಕೇಟಿಂಗ್ ಕಲಿಯುವುದೇ ಆಗ ದೊಡ್ಡ ಸುದ್ದಿ. 1980ರಲ್ಲಿ ಆ ಲೀಗಿನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಫೈನಲ್‌ನ ಕೊನೆಯ ಪಂದ್ಯದಲ್ಲಿ, ಹೆಚ್ಚುವರಿ ಸಮಯದಲ್ಲಿ ಗೋಲು ಹೊಡೆದು ತಂಡಕ್ಕೆ ಮೊದಲ ಕಪ್ ತಂದುಕೊಟ್ಟವರು ಇದೇ ನಿಸ್ಟ್ರೋಮ್.

ಇತ್ತೀಚಿನ ಉದಾಹರಣೆ ಬ್ರೇಡನ್ ಪಾಯಿಂಟ್. 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಟ್ಯಾಂಪಾ ಬೇ ತಂಡ ಅವರನ್ನು ತೆಗೆದುಕೊಂಡದ್ದು ಮೂರನೇ ಸುತ್ತಿನಲ್ಲಿ, 79ನೆಯವರಾಗಿ. ಆಳು ಚಿಕ್ಕವರು, ಸ್ಕೇಟಿಂಗ್ ಸಾಲದು ಅನ್ನುವ ಮಾತಿತ್ತು. ಆಮೇಲೆ ಬಾರ್ಬ್ ಅಂಡರ್‌ಹಿಲ್ ಅವರ ಹತ್ತಿರ ಸ್ಕೇಟಿಂಗ್ ತಿದ್ದಿಕೊಂಡರು. ಅಂಡರ್‌ಹಿಲ್ ಹಾಕಿ ಆಟಗಾರ್ತಿ ಅಲ್ಲ, 1984ರಲ್ಲಿ ಜೋಡಿ ಫಿಗರ್ ಸ್ಕೇಟಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆದವರು. 2020 ಮತ್ತು 2021ರಲ್ಲಿ ಟ್ಯಾಂಪಾ ಬೇ ಕಪ್ ಗೆದ್ದಾಗ ಪಾಯಿಂಟ್ ಎರಡೂ ವರ್ಷ ಪ್ಲೇಆಫ್‌ನಲ್ಲಿ ತಲಾ 14 ಗೋಲು ಹೊಡೆದರು. ಇವತ್ತು ಅವರ ಸ್ಕೇಟಿಂಗನ್ನೇ ಮಕ್ಕಳಿಗೆ ತೋರಿಸಿ ಕಲಿಸುತ್ತೇವೆ.

ಇನ್ನೊಂದು ಕಡೆ ಲೂಕ್ ರೊಬಿಟೈಲ್ ಇದ್ದಾರೆ. ನಿಧಾನ ಅಂತ ಹೇಳಿ 1984ರಲ್ಲಿ 171ನೆಯವರಾಗಿ ಆರಿಸಿಕೊಂಡರು. ಅವರು ಯಾವತ್ತೂ ಮಿಂಚಿನ ವೇಗದ ಆಟಗಾರ ಆಗಲಿಲ್ಲ. ಆದರೂ 668 ಗೋಲು ಹೊಡೆದರು. ಇವರ ಹೆಸರು ಹೇಳುವಾಗ ನನಗೆ ಒಂದು ಎಚ್ಚರ ಇರುತ್ತದೆ. ‘ನೋಡಿ, ಸ್ಕೇಟಿಂಗ್ ಇಲ್ಲದಿದ್ದರೂ ಆಗುತ್ತೆ’ ಅಂತ ಕೆಲವರು ಇದನ್ನು ತಿರುಗಿಸಿಕೊಳ್ಳುತ್ತಾರೆ. ಈಗಿನ ಆಟ ಆಗಿನದಕ್ಕಿಂತ ವೇಗವಾಗಿದೆ. ಎಲ್ಲರಿಗಿಂತ ವೇಗ ಬೇಕಾಗಿಲ್ಲ, ಆದರೆ ಆಟದ ಜೊತೆ ಹೋಗುವಷ್ಟು ಕಾಲು ಇರಲೇಬೇಕು.

ರಕ್ತದ ಮಾತಿಗೆ ಬರೋಣ. ಮಾವನವರ ಊರಿನ ಹೆಮ್ಮೆ ನನಗೆ ಅರ್ಥವಾಗುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಇವತ್ತು ನೂರಾರು ಕುಟುಂಬಗಳ ತಂಡ ಸೇರುವಷ್ಟು ಬೆಳೆದಿದೆ. ಅಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಸ್ಟಿಕ್ ಹಿಡಿಯುವ ಕೈ, ಜಾಗ ನೋಡುವ ಕಣ್ಣು ಬಂದಿದ್ದರೆ ಆಶ್ಚರ್ಯವಿಲ್ಲ. ಆದರೆ ಐಸ್ ಮೇಲೆ ನಿಲ್ಲುವುದು ಯಾರ ರಕ್ತದಲ್ಲೂ ಇಲ್ಲ, ಕೆನಡಾದವರ ರಕ್ತದಲ್ಲೂ ಇಲ್ಲ. ಅವರ ಊರಲ್ಲಿ ರಿಂಕ್ (ಸ್ಕೇಟಿಂಗ್ ಅಂಗಳ) ಇತ್ತು, ಅಷ್ಟೇ. ಭಾರತ ಮೂಲದ ರಾಬಿನ್ ಬಾವಾ 1989ರಲ್ಲೇ ಎನ್‌ಎಚ್‌ಎಲ್‌ನಲ್ಲಿ ಆಡಿದರು. ಮ್ಯಾನಿ ಮಲ್ಹೋತ್ರಾ ಅವರನ್ನು 1998ರ ಡ್ರಾಫ್ಟ್‌ನಲ್ಲಿ ಏಳನೆಯವರಾಗಿ ಆರಿಸಿಕೊಂಡರು.

ಮಾವನವರಿಗೆ ಖುಷಿಯಾಗುವ ಒಂದು ಸಂಗತಿ ಹೇಳಿಬಿಡುತ್ತೇನೆ. ಮೈದಾನದ ಹಾಕಿಯಲ್ಲಿ ಎಲ್ಲರೂ ಎಡಗೈ ಮೇಲೆ, ಬಲಗೈ ಕೆಳಗೆ ಹಿಡಿಯುತ್ತಾರೆ, ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ. ಆ ಹಿಡಿತ ಐಸ್ ಹಾಕಿಯಲ್ಲಿ ‘ರೈಟ್ ಶಾಟ್’ ಆಗುತ್ತದೆ. ಕೆನಡಾದಲ್ಲಿ ಜಾಸ್ತಿ ಜನ ಲೆಫ್ಟ್ ಶಾಟ್. ಹಾಗಾಗಿ ತಂಡಗಳು ರೈಟ್ ಶಾಟ್ ಆಟಗಾರರನ್ನು ಹುಡುಕುತ್ತಿರುತ್ತವೆ. ನಿಮ್ಮ ಮಗ ಅಜ್ಜನ ಹಾಗೆ ಹಿಡಿಯುತ್ತಿದ್ದರೆ ಅದು ಅವನಿಗೆ ಅನುಕೂಲವೇ.

ಇನ್ನು ‘ಸ್ಕೇಟಿಂಗ್ ಸಾಲದು’ ಅನ್ನುವ ಮಾತು. ಕೋಚ್‌ಗಳು, ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಇದನ್ನು ಸುಲಭವಾಗಿ ಬರೆದುಬಿಡುತ್ತಾರೆ. ತಂದೆತಾಯಿ ಅದನ್ನು ‘ವೇಗ ಇಲ್ಲ’ ಅಂತ ಓದಿಕೊಂಡು ಮಗುವನ್ನು ಓಡಿಸಲು ಶುರು ಮಾಡುತ್ತಾರೆ. ಡಾಕ್ಟರ್ ‘ಆರೋಗ್ಯ ಸರಿಯಿಲ್ಲ’ ಅಂತ ಚೀಟಿ ಬರೆದುಕೊಟ್ಟರೆ ನೀವು ಔಷಧಿ ಅಂಗಡಿಗೆ ಹೋಗುತ್ತೀರಾ? ಏನು ಸರಿಯಿಲ್ಲ ಅಂತ ಕೇಳುತ್ತೀರಿ ಅಲ್ವಾ? ಇಲ್ಲೂ ಹಾಗೇ ಕೇಳಬೇಕು. ಹೊರಡುವಾಗ ಮೊದಲ ಮೂರು ಹೆಜ್ಜೆ ನಿಧಾನವಾ? ನೇರ ಓಟದಲ್ಲಿ ಹಿಂದೆ ಬೀಳುತ್ತಾನಾ? ತಿರುಗುವಾಗ ವೇಗ ಕಳೆದುಕೊಳ್ಳುತ್ತಾನಾ? ಒಂದು ಪಕ್ಕಕ್ಕೆ ಮಾತ್ರ ಬ್ರೇಕ್ ಹಾಕಿ ನಿಲ್ಲಲು ಬರುತ್ತದಾ? ಹಿಂದಕ್ಕೆ ಸ್ಕೇಟ್ ಮಾಡುವುದು ದುರ್ಬಲವಾ? ಅಥವಾ ಮೊದಲ ಇಪ್ಪತ್ತು ಸೆಕೆಂಡ್ ಚೆನ್ನಾಗಿ ಹೋಗಿ ಆಮೇಲೆ ಸುಸ್ತಾಗುತ್ತಾನಾ? ಇವು ಆರೂ ಬೇರೆ ಬೇರೆ ತೊಂದರೆಗಳು. ಒಂದಕ್ಕೆ ಮಾಡುವ ಅಭ್ಯಾಸ ಇನ್ನೊಂದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಕೋಚ್‌ಗೆ ಒಂದು ಇಮೇಲ್ ಹಾಕಿ, ಇದನ್ನೇ ಕೇಳಿ. ಒಳ್ಳೆಯ ಕೋಚ್ ಖಂಡಿತ ಹೇಳುತ್ತಾರೆ.

ಸ್ಕೇಟಿಂಗ್ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಇದು ಗೊತ್ತಾದರೆ ಮಗನ ಕಾಲು ಯಾಕೆ ಭಾರ ಕಾಣುತ್ತದೆ ಅಂತ ನಿಮಗೇ ತಿಳಿಯುತ್ತದೆ. ಓಡುವಾಗ ನಾವು ನೆಲವನ್ನು ಹಿಂದಕ್ಕೆ ಒದೆಯುತ್ತೇವೆ. ಐಸ್ ಮೇಲೆ ಬ್ಲೇಡ್ ನೇರ ಇಟ್ಟು ಹಾಗೆ ಒದ್ದರೆ ಕಾಲು ಜಾರಿ ಹಿಂದೆ ಹೋಗುತ್ತದೆ, ಮೈ ಇದ್ದಲ್ಲೇ ಇರುತ್ತದೆ. ಬ್ಲೇಡನ್ನು ಓರೆ ಮಾಡಿ, ಐಸನ್ನು ಕಚ್ಚಿಸಿ, ಪಕ್ಕಕ್ಕೆ ತಳ್ಳಬೇಕು. ಬ್ಲೇಡಿನ ಅಗಲ ಸುಮಾರು 3 ಮಿಲಿಮೀಟರ್. ತಳ ಚಪ್ಪಟೆ ಅಲ್ಲ, ನಡುವೆ ಸಣ್ಣ ಕಾಲುವೆಯ ಹಾಗೆ ತಗ್ಗಿರುತ್ತದೆ. ಆ ತಗ್ಗಿನ ಎರಡು ಅಂಚುಗಳೇ ಒಳ ಎಡ್ಜ್, ಹೊರ ಎಡ್ಜ್. ತಳ್ಳುವುದು ಒಳ ಎಡ್ಜಿನಿಂದ. ಎಡಕ್ಕೆ ಕ್ರಾಸ್‌ಓವರ್ ಹಾಕುವಾಗ, ಅಂದರೆ ತಿರುವಿನಲ್ಲಿ ಬಲಗಾಲನ್ನು ಎಡಗಾಲಿನ ಮೇಲಿಂದ ದಾಟಿಸುವಾಗ, ಎಡಗಾಲು ಹೊರ ಎಡ್ಜ್ ಮೇಲೆ ನಿಂತು ಇಡೀ ಮೈಯ ಭಾರ ಹೊರಬೇಕು. ತಡವಾಗಿ ಕಲಿತ ಮಕ್ಕಳಲ್ಲಿ ಹೊರ ಎಡ್ಜೇ ದುರ್ಬಲ. ಅವರಿಗೆ ಅದರ ಮೇಲೆ ನಂಬಿಕೆ ಬಂದಿರುವುದಿಲ್ಲ, ಬಿದ್ದೇನು ಅನ್ನುವ ಅಳುಕು ಮೈಯಲ್ಲಿ ಉಳಿದಿರುತ್ತದೆ.

ಇನ್ನೊಂದು ಗುಟ್ಟು: ಸ್ಕೇಟ್ ಮಾಡುವ ಹೆಚ್ಚಿನ ಸಮಯ ನಾವು ಒಂಟಿ ಕಾಲ ಮೇಲೆ ಇರುತ್ತೇವೆ. ಒಂದು ಕಾಲು ತಳ್ಳಿ ವಾಪಸ್ ಬರುವಷ್ಟು ಹೊತ್ತು ಇನ್ನೊಂದು ಕಾಲು ಒಂದೇ ಎಡ್ಜ್ ಮೇಲೆ ಮೈಯನ್ನು ಹೊತ್ತು ಜಾರುತ್ತಿರಬೇಕು. ಆ ಒಂಟಿ ಕಾಲಿನ ಮೇಲೆ ಧೈರ್ಯ ಇಲ್ಲದ ಹುಡುಗ ಬೇಗ ಬೇಗ ಎರಡನೇ ಕಾಲು ಊರುತ್ತಾನೆ. ಹೆಜ್ಜೆ ಚಿಕ್ಕದಾಗುತ್ತದೆ. ಕಾಲು ಪಟಪಟ ಆಡುತ್ತದೆ, ಮುಂದೆ ಹೋಗುವುದು ಮಾತ್ರ ಕಡಿಮೆ. ನೋಡುವವರಿಗೆ ‘ಎಷ್ಟು ಕಷ್ಟಪಡುತ್ತಿದ್ದಾನೆ, ಆದರೂ ನಿಧಾನ’ ಅನಿಸುತ್ತದೆ. ಕಾಲು ಭಾರ ಅಂದರೆ ಬಹಳ ಸಲ ಇದೇ. ಇದಕ್ಕೆ ‘ಇನ್ನೂ ಜೋರಾಗಿ ಹೋಗು’ ಅಂತ ಕೂಗಿದರೆ ಹೆಜ್ಜೆ ಇನ್ನೂ ಚಿಕ್ಕದಾಗುತ್ತದೆ.

ಇದರ ಮೇಲೆ ನಿಮ್ಮ ಮಗ ಒಂದೇ ವರ್ಷಕ್ಕೆ 10 ಸೆಂಟಿಮೀಟರ್ ಬೆಳೆದಿದ್ದಾನೆ. ಹುಡುಗರು ಅತಿ ವೇಗವಾಗಿ ಉದ್ದವಾಗುವುದು ಹೆಚ್ಚಾಗಿ 13–14ರ ಆಸುಪಾಸಿನಲ್ಲಿ. ಮೊದಲು ಕಾಲಿನ ಮೂಳೆ ಉದ್ದವಾಗುತ್ತದೆ, ಸ್ನಾಯು ಆಮೇಲೆ ಹಿಂಬಾಲಿಸುತ್ತದೆ. ಹೋದ ವರ್ಷ ಕಲಿತ ತೂಕದ ಲೆಕ್ಕ ಈ ವರ್ಷದ ಮೈಗೆ ಸರಿಹೋಗುವುದಿಲ್ಲ. ಚೆನ್ನಾಗಿ ಸ್ಕೇಟ್ ಮಾಡುತ್ತಿದ್ದ ಹುಡುಗರೂ ಈ ಕಾಲದಲ್ಲಿ ಆರು ತಿಂಗಳು, ಒಂದು ವರ್ಷ ಕೋಲು ಕಟ್ಟಿಕೊಂಡವರ ಹಾಗೆ ಕಾಣುತ್ತಾರೆ. ಆಮೇಲೆ ಶಕ್ತಿ ಬರುತ್ತದೆ, ಅದೇ ಉದ್ದ ಕಾಲು ಉದ್ದ ಹೆಜ್ಜೆಯಾಗುತ್ತದೆ.

ಅಕ್ಟೋಬರ್ ಅಂದಿರಿ. ಇಲ್ಲಿ ವಯಸ್ಸಿನ ಗುಂಪು ಜನವರಿ 1ರಿಂದ ಲೆಕ್ಕ. ಜನವರಿಯಲ್ಲಿ ಹುಟ್ಟಿದವನೂ ನಿಮ್ಮ ಮಗನೂ ಒಂದೇ ತಂಡಕ್ಕೆ ಪೈಪೋಟಿ ಮಾಡುತ್ತಾರೆ, ಮೈಯಲ್ಲಿ ಒಂಬತ್ತು ತಿಂಗಳ ಅಂತರ. ದೊಡ್ಡ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇರುವುದನ್ನು ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ಗುರುತಿಸಿದ್ದರು. ಟ್ರೈಔಟ್ ನಡೆಸುವವರಿಗೆ ಇದು ಗೊತ್ತಿದ್ದರೂ ಆ ಎರಡು ದಿನದಲ್ಲಿ ಕಣ್ಣು ದೊಡ್ಡ ಮೈಯ ಕಡೆಗೇ ಹೋಗುತ್ತದೆ. ನಿಮ್ಮ ಮಗನನ್ನು ಕೈಬಿಟ್ಟದ್ದರಲ್ಲಿ ಇದರ ಪಾಲು ಎಷ್ಟು ಅಂತ ಇಲ್ಲಿ ಕೂತು ಹೇಳಲಾರೆ. ಇದ್ದೇ ಇರುತ್ತದೆ ಅನ್ನುವುದು ನನ್ನ ಅನುಭವ.

ಖರ್ಚಿನ ಮಾತಿಗೆ ಮೊದಲು ಸ್ಕೇಟನ್ನೇ ನೋಡಿ. ಎಷ್ಟೋ ಮಕ್ಕಳ ‘ಸ್ಕೇಟಿಂಗ್ ತೊಂದರೆ’ ಅರ್ಧ ಗಂಟೆಯಲ್ಲಿ ಅಂಗಡಿಯಲ್ಲೇ ಅರ್ಧ ಕಡಿಮೆಯಾಗಿದ್ದನ್ನು ನಾನು ಕಂಡಿದ್ದೇನೆ. ಬೆಳೆಯುವ ಹುಡುಗ ಅಂತ ನಾವು ಒಂದು ಸೈಜ್ ದೊಡ್ಡದು ಕೊಡಿಸುತ್ತೇವೆ, ಶಾಲೆಯ ಬೂಟಿನ ಹಾಗೆ. ಐಸ್ ಹಾಕಿ ಸ್ಕೇಟಿಗೆ ಅದು ನಡೆಯುವುದಿಲ್ಲ. ಸಾಮಾನ್ಯವಾಗಿ ಅದು ಬೂಟಿನ ಅಳತೆಗಿಂತ ಒಂದು, ಒಂದೂವರೆ ಸೈಜ್ ಚಿಕ್ಕದೇ ಇರಬೇಕು. ನೇರ ನಿಂತಾಗ ಬೆರಳು ಮುಂದಿನ ತುದಿಗೆ ಸೋಕಬೇಕು. ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಹಿಂದಕ್ಕೆ ಕೂತು ಬೆರಳು ತುಸು ಸಡಿಲವಾಗಬೇಕು. ಹಿಮ್ಮಡಿ ಒಳಗೆ ಎದ್ದು ಕೂರುತ್ತಿದ್ದರೆ ಎಡ್ಜ್ ಹಿಡಿಯುವುದು ಯಾರಿಂದಲೂ ಆಗದು. ಈ ವರ್ಷ ಅವನ ಪಾದವೂ ಬೆಳೆದಿರುತ್ತದೆ, ಹಾಗಾಗಿ ಉಲ್ಟಾ ತೊಂದರೆಯೂ ಇರಬಹುದು, ಅಂದರೆ ಬಿಗಿಯಾಗಿ ಪಾದ ಜೋಮು ಹಿಡಿಯುವುದು. ಕೇಳಿ ನೋಡಿ.

ಆಮೇಲೆ ಸಾಣೆ. ಸಾಣೆ ಹಿಡಿಸುವಾಗ ತಗ್ಗು ಎಷ್ಟು ಆಳ ಇರಬೇಕು ಅಂತ ಅಂಗಡಿಯವರು ಕೇಳುತ್ತಾರೆ. ಬಹಳ ಜನ ಅರ್ಧ ಇಂಚು ಅನ್ನುತ್ತಾರೆ. ಆ ಅಂಕಿ ತಗ್ಗಿನ ಕಮಾನಿನ ತ್ರಿಜ್ಯ, ಆಳವಲ್ಲ; ಹಾಗಾಗಿ ಚಿಕ್ಕದಾದಷ್ಟೂ ತಗ್ಗು ಆಳ, ಕಚ್ಚು ಜಾಸ್ತಿ, ಜಾರು ಕಡಿಮೆ. ಅಂಕಿ ದೊಡ್ಡದಾದರೆ ಜಾರು ಜಾಸ್ತಿ. ಮಗನ ತೂಕ ಏರಿದ್ದರೆ ಹಳೆಯ ಅಳತೆಯಲ್ಲಿ ಬ್ಲೇಡ್ ಜಾಸ್ತಿ ಕಚ್ಚಿ ಕಾಲು ಎಳೆದ ಹಾಗಾಗುತ್ತದೆ. ಎಂಟನೇ ಐದು (5/8) ಇಂಚಿಗೆ ಬದಲಿಸಿ ಎರಡು ವಾರ ನೋಡಬಹುದು. ಎರಡು ಎಡ್ಜೂ ಒಂದೇ ಎತ್ತರ ಇವೆಯಾ ಅಂತ ಪ್ರತಿ ಸಲ ಅಂಗಡಿಯಲ್ಲೇ ನೋಡಿಸಿ. ಲೇಸನ್ನು ಮೇಲಿನ ತುದಿಯವರೆಗೆ ಬಿಗಿದು ಕಟ್ಟುವ ಅಭ್ಯಾಸವಿದ್ದರೆ ಒಮ್ಮೆ ಕೊನೆಯ ತೂತು ಬಿಟ್ಟು ಕಟ್ಟಿಸಿ. ಆ್ಯಂಕಲ್ ಮುಂದಕ್ಕೆ ಬಗ್ಗದಿದ್ದರೆ ಮೊಣಕಾಲು ಬಗ್ಗುವುದಿಲ್ಲ. ಮೊಣಕಾಲು ಬಗ್ಗದಿದ್ದರೆ ತಳ್ಳುವುದಕ್ಕೆ ಕಾಲಲ್ಲಿ ಉದ್ದವೇ ಉಳಿಯುವುದಿಲ್ಲ.

ಮನೆಯಲ್ಲಿ ಒಂದು ಪರೀಕ್ಷೆ ಇದೆ. ನೋವಿಲ್ಲದ ದಿನ, ನೋವಾದ ಕೂಡಲೇ ನಿಲ್ಲಿಸುವ ಒಪ್ಪಂದದ ಮೇಲೆ ಮಾಡಿಸಿ. ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಗಾಲಲ್ಲಿ ಕೂರಲು ಹೇಳಿ. ನಮ್ಮ ಅಜ್ಜಿಯಂದಿರು ಹಾಗೆ ಕೂತು ಗಂಟೆಗಟ್ಟಲೆ ತರಕಾರಿ ಹೆಚ್ಚುತ್ತಿದ್ದರು. ಇಲ್ಲಿ ಕುರ್ಚಿ ಮೇಲೆ ಬೆಳೆದ ಮಕ್ಕಳಿಗೆ ಹಿಮ್ಮಡಿ ಏಳುತ್ತದೆ ಅಥವಾ ಹಿಂದಕ್ಕೆ ಬೀಳುತ್ತಾರೆ. ಆ್ಯಂಕಲ್ ಮತ್ತು ಸೊಂಟದ ಬಿಗಿತ ಹೀಗೆ ಗೊತ್ತಾಗುತ್ತದೆ. ಆಮೇಲೆ ಒಂಟಿ ಕಾಲಲ್ಲಿ, ಮೊಣಕಾಲು ತುಸು ಬಗ್ಗಿಸಿ, ಅಲುಗಾಡದೆ ಮೂವತ್ತು ಸೆಕೆಂಡ್ ನಿಲ್ಲಲಿ. ಮೊಣಕಾಲು ಒಳಕ್ಕೆ ವಾಲಿದರೆ ಸೊಂಟದ ಪಕ್ಕದ ಸ್ನಾಯು ದುರ್ಬಲ ಅಂತ ಅರ್ಥ. ಐಸ್ ಮೇಲೆ ಎಷ್ಟು ಕ್ಲಾಸ್ ಮಾಡಿದರೂ ಇದು ಸರಿಹೋಗುವುದಿಲ್ಲ. ಇದನ್ನು ನೆಲದ ಮೇಲೆ ಕಟ್ಟಬೇಕು. ನೋವು ಕಡಿಮೆಯಾದ ಮೇಲೆ ನಾನು ಮಕ್ಕಳಿಗೆ ಕುಂಟೆಬಿಲ್ಲೆ ಆಡಿಸುತ್ತೇನೆ. ಒಂಟಿ ಕಾಲಲ್ಲಿ ಜಿಗಿ, ಬಗ್ಗಿ ಬಿಲ್ಲೆ ಎತ್ತು, ಗೆರೆ ತುಳಿಯಬೇಡ. ಸಮತೋಲನಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಸಿಕ್ಕಿಲ್ಲ.

ಮುಂದಿನ ಕೆಲಸ ವಿಡಿಯೊ. ಸಾರ್ವಜನಿಕರ ಸ್ಕೇಟಿಂಗ್ ಸಮಯದಲ್ಲಿ ಜನ ಕಡಿಮೆ ಇರುವಾಗ ಹೋಗಿ. ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಎರಡೂ ಕಡೆ ತಿರುಗುವುದು, ಎರಡೂ ಕಡೆ ನಿಲ್ಲುವುದು, ಇಷ್ಟು ತೆಗೆಯಿರಿ. ನಿಧಾನಗತಿಯಲ್ಲಿ ಹಾಕಿ ನೋಡಿ. ತಳ್ಳಿದ ಕಾಲು ಪೂರ್ತಿ ನೇರವಾಗುತ್ತದಾ, ಅರ್ಧಕ್ಕೇ ವಾಪಸ್ ಬರುತ್ತದಾ? ವಾಪಸ್ ಬಂದ ಪಾದ ಮೈಯ ಕೆಳಗೆ ಬರುತ್ತದಾ, ಅಥವಾ ರೈಲು ಹಳಿಯ ಹಾಗೆ ಎರಡು ಪಾದವೂ ದೂರ ದೂರವೇ ಉಳಿಯುತ್ತವಾ? ತಲೆ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಆಗುತ್ತದಾ? ಬಲಕ್ಕೆ ಬಂದಷ್ಟು ಸಲೀಸು ಎಡಕ್ಕೂ ಇದೆಯಾ? ಹೆಚ್ಚಿನ ಮಕ್ಕಳಿಗೆ ಒಂದು ಕಡೆ ಕುಂಠಿತವೇ.

ಈಗ ನಿಮ್ಮ ಯಜಮಾನರ ಪಟ್ಟಿ. ಅವರ ಕಾಳಜಿ ನಿಜವಾದದ್ದು, ಆತುರ ಮಾತ್ರ ಜಾಸ್ತಿಯಾಯಿತು.

ಪವರ್ ಸ್ಕೇಟಿಂಗ್ ಒಳ್ಳೆಯದೇ. ಆದರೆ ಇಪ್ಪತ್ತು ಮಕ್ಕಳು ಸಾಲಾಗಿ ಹೋಗಿ ಬರುವ ಕ್ಲಾಸಿನಲ್ಲಿ ನಿಮ್ಮ ಮಗನ ಹೊರ ಎಡ್ಜನ್ನು ಯಾರೂ ನೋಡುವುದಿಲ್ಲ. ಸುಸ್ತಾದ ಕಾಲಲ್ಲಿ ಅದೇ ತಪ್ಪನ್ನು ಸಾವಿರ ಸಲ ಮಾಡಿ ಗಟ್ಟಿ ಮಾಡಿಕೊಂಡು ಬರುತ್ತಾನೆ. ನಾಲ್ಕೈದು ಮಕ್ಕಳಿರುವ ಕ್ಲಾಸ್ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಸಾಕು. ಮೊದಲ ಕ್ಲಾಸ್ ನೋಡಲು ಬಿಡುತ್ತಾರಾ ಕೇಳಿ. ಕೋಚ್ ಮಗುವನ್ನು ನಿಲ್ಲಿಸಿ ತಿದ್ದುತ್ತಾರಾ, ಬರೀ ಸೀಟಿ ಊದುತ್ತಾರಾ, ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ನಾನಾಗಿದ್ದರೆ ಫಿಗರ್ ಸ್ಕೇಟಿಂಗ್ ಕ್ಲಬ್ ಕಡೆ ನೋಡುತ್ತಿದ್ದೆ. ನಿಸ್ಟ್ರೋಮ್‌ಗೆ ಕಲಿಸಿದವರೂ ಪಾಯಿಂಟ್‌ಗೆ ಕಲಿಸಿದವರೂ ಹಾಕಿ ಆಡಿ ಹೆಸರು ಮಾಡಿದವರಲ್ಲ. ಎನ್‌ಎಚ್‌ಎಲ್ ಆಟಗಾರ ಜಾನ್ ತಾವರೆಸ್‌ಗೆ ಸ್ಕೇಟಿಂಗ್ ತಿದ್ದಿದ ಡಾನ್ ಬ್ರೇಡ್ ಕೂಡ ಅಷ್ಟೇ. 2016ರಲ್ಲಿ ಅರಿಜೋನಾ ಕಯೋಟೀಸ್ ತಂಡ ಅವರನ್ನು ತೆಗೆದುಕೊಂಡಾಗ ಎನ್‌ಎಚ್‌ಎಲ್‌ನಲ್ಲಿ ಪೂರ್ಣಾವಧಿ ಕೋಚ್ ಆದ ಮೊದಲ ಮಹಿಳೆ ಆದರು. ಎಡ್ಜ್ ವಿದ್ಯೆ ಇರುವುದು ಫಿಗರ್ ಸ್ಕೇಟಿಂಗ್‌ನವರ ಹತ್ತಿರ. ಸ್ಕೇಟ್ ಕೆನಡಾ ಸಂಸ್ಥೆಯ ಕ್ಲಬ್‌ಗಳಲ್ಲಿ ಹಾಕಿ ಮಕ್ಕಳಿಗಾಗಿಯೇ ‘ಕ್ಯಾನ್‌ಪವರ್‌ಸ್ಕೇಟ್’ ಅನ್ನುವ ಕಾರ್ಯಕ್ರಮ ಇದೆ. ನಿಮ್ಮ ಊರಲ್ಲಿ ನಡೆಯುತ್ತದಾ ವಿಚಾರಿಸಿ. ಗೆಳೆಯರು ನಗುತ್ತಾರೆ ಅಂತ ಹುಡುಗ ಹಿಂಜರಿದರೆ ಪಾಯಿಂಟ್ ಕಥೆ ಹೇಳಿ.

ಸ್ಕೇಟಿಂಗ್ ಟ್ರೆಡ್‌ಮಿಲ್‌ನಲ್ಲಿ ಒಂದು ಲಾಭ ಇದೆ. ಕೋಚ್ ಒಂದು ಕೈ ದೂರದಲ್ಲಿ ನಿಂತು ನೇರ ಹೆಜ್ಜೆಯನ್ನು ತಿದ್ದಬಹುದು, ಕನ್ನಡಿಯಲ್ಲಿ ಹುಡುಗ ತನ್ನನ್ನೇ ನೋಡಬಹುದು. ಆದರೆ ಅಲ್ಲಿ ನೆಲ ಹಿಂದಕ್ಕೆ ಓಡುತ್ತದೆ, ಐಸ್ ಓಡುವುದಿಲ್ಲ. ನಿಲ್ಲುವುದು, ತಿರುಗುವುದು, ದಿಕ್ಕು ಬದಲಿಸುವುದು ಅಲ್ಲಿ ಇಲ್ಲ. ಆಟದಲ್ಲಿ ನೇರ ಓಟ ಎಷ್ಟು ಹೊತ್ತು ಇರುತ್ತದೆ ಹೇಳಿ? ಮೊಣಕಾಲು ನೋವು ಇರುವವರೆಗೂ ಇದು ಬೇಡ.

ಅದರ ಬದಲು ಬೇಸಿಗೆಯಲ್ಲಿ ಇನ್‌ಲೈನ್ ಸ್ಕೇಟ್. ಎನ್‌ಎಚ್‌ಎಲ್ ತಾರೆ ಕಾನರ್ ಮೆಕ್‌ಡೇವಿಡ್ ಚಿಕ್ಕವರಿದ್ದಾಗ ಮನೆಯ ಮುಂದಿನ ಅಂಗಳದಲ್ಲಿ ಪೇಂಟ್ ಡಬ್ಬಿ ಇಟ್ಟು ರೋಲರ್‌ಬ್ಲೇಡ್ ಮೇಲೆ ಸುತ್ತುತ್ತಿದ್ದರು. ಇವತ್ತು ನೇರ ಓಟದ ನಡುವೆಯೂ ಕ್ರಾಸ್‌ಓವರ್ ಹಾಕಿ ವೇಗ ಕೂಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಗಾಲಿ ಐಸಿನ ಹಾಗೆ ಪಕ್ಕಕ್ಕೆ ಜಾರುವುದಿಲ್ಲ, ಹಾಗಾಗಿ ನಿಲ್ಲುವುದನ್ನು ಅಲ್ಲಿ ಕಲಿಯಲಾಗದು. ಒಂಟಿ ಕಾಲ ಸಮತೋಲನ, ಕ್ರಾಸ್‌ಓವರ್ ಲಯ ಚೆನ್ನಾಗಿ ಬರುತ್ತದೆ. ಚಳಿಗಾಲ ಬಂದ ಮೇಲೆ ಟೊರೊಂಟೊ ನಗರಾಡಳಿತದ ಬಯಲು ರಿಂಕ್‌ಗಳಲ್ಲಿ ಸ್ಕೇಟ್ ಮಾಡಲು ಶುಲ್ಕವೇ ಇಲ್ಲ. ವಾರಕ್ಕೆ ಒಂದು ಸಂಜೆ ಸ್ಟಿಕ್ ಇಲ್ಲದೆ, ಕೋಚ್ ಇಲ್ಲದೆ ಅಲ್ಲಿ ಸುಮ್ನೆ ಸುತ್ತಲಿ.

ಅಕಾಡೆಮಿ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಈ ವರ್ಷ ಬೇಡ. ಅಲ್ಲಿ ಐಸ್ ಸಮಯ ಜಾಸ್ತಿ, ಅಭ್ಯಾಸ ಜಾಸ್ತಿ. ನಿಮ್ಮ ಮಗನಿಗೆ ಈಗ ಕೊರತೆ ಇರುವುದು ಸಮಯದ್ದಲ್ಲ. ಬೆಳೆಯುವ ಮೈ, ನೋಯುವ ಮೊಣಕಾಲು, ಮನೆಯ ದೊಡ್ಡ ಖರ್ಚು, ಇವು ಮೂರೂ ಸೇರಿದರೆ ಹುಡುಗನ ಮೇಲೆ ಬೀಳುವ ಭಾರ ಅವನು ಹೇಳದೇ ಹೋದರೂ ಅವನಿಗೆ ಗೊತ್ತಿರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಬಿಡಿಬಿಡಿಯಾಗಿ ಒಟ್ಟು ಮೂರು ತಿಂಗಳು ಮುಖ್ಯ ಆಟದಿಂದ ಬಿಡುವು ಕೊಡಿ ಅನ್ನುತ್ತದೆ. ಸೀಸನ್ ಈಗ ಮುಗಿದಿದೆ. ಒಂದು ತಿಂಗಳು ಸ್ಕೇಟ್ ಚೀಲ ಮೂಲೆಯಲ್ಲಿರಲಿ. ಈಜಲಿ, ಸೈಕಲ್ ಹೊಡೆಯಲಿ, ಮೊಣಕಾಲು ಒಪ್ಪಿದರೆ ಬ್ಯಾಡ್ಮಿಂಟನ್ ಆಡಲಿ.

ಡ್ರಾಫ್ಟ್ ಹತ್ತಿರ ಬಂತು ಅನ್ನುವ ಭಯ ನಿಮ್ಮ ಯಜಮಾನರ ಆತುರದ ಹಿಂದೆ ಇದೆ ಅಂತ ಕಾಣುತ್ತದೆ. ಮುಂದಿನದು ಯು16 ವರ್ಷ. ಹದಿಹರೆಯದವರ ಮೇಲ್ಮಟ್ಟದ ಲೀಗ್ ಆದ ಒಂಟಾರಿಯೊ ಹಾಕಿ ಲೀಗಿನ 20 ತಂಡಗಳು ಮಕ್ಕಳನ್ನು ಆರಿಸುವುದು ಆ ವರ್ಷವೇ. ಡಬಲ್ ಎ ಆಡುವ, ಸ್ಕೇಟಿಂಗ್ ತಿದ್ದಿಕೊಳ್ಳುತ್ತಿರುವ ಹುಡುಗನಿಗೆ ಆ ಬಾಗಿಲು ಆ ವರ್ಷ ತೆರೆಯುವುದು ಕಷ್ಟ. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ. ಆದರೆ ಅದೊಂದೇ ಬಾಗಿಲಲ್ಲ. ಜೂನಿಯರ್ ಲೀಗುಗಳಿವೆ, ಕಾಲೇಜು ಹಾಕಿ ಇದೆ. ಮೊದಲು ಒಂಟಾರಿಯೊ ಲೀಗಿನಂಥ ಮೇಜರ್ ಜೂನಿಯರ್‌ನಲ್ಲಿ ಆಡಿದವರಿಗೆ ಅಮೆರಿಕದ ಕಾಲೇಜು ಹಾಕಿ ಮುಚ್ಚಿಹೋಗುತ್ತಿತ್ತು. 2025ರ ಆಗಸ್ಟ್‌ನಿಂದ ಆ ನಿಯಮವೂ ಸಡಿಲವಾಗಿದೆ. ಮಾರ್ಟಿನ್ ಸೇಂಟ್ ಲೂಯಿ ಅವರನ್ನು ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲೇ ಇಲ್ಲ. ಅವರು 2018ರಲ್ಲಿ ಹಾಕಿ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಅಷ್ಟೆತ್ತರಕ್ಕೆ ಹೋಗುವವರು ಬೆರಳೆಣಿಕೆಯಷ್ಟು, ಅದೂ ನಿಜ. ನಿಮ್ಮ ಲೆಕ್ಕ ಎರಡು ವರ್ಷದ್ದಾಗಿರಲಿ, ಎರಡು ತಿಂಗಳದ್ದಲ್ಲ. ಎಡ್ಜ್ ಬದಲಾಗಲು ಮೂರರಿಂದ ಆರು ತಿಂಗಳು ಬೇಕು. ಆಟದ ಬಿಸಿಯಲ್ಲಿ, ಮೈಗೆ ಮೈ ತಾಗುವಾಗ ಅದು ತಾನಾಗಿ ಬರಲು ಇನ್ನೂ ಒಂದು ವರ್ಷ. ಮಧ್ಯದಲ್ಲಿ ಒಂದಿಷ್ಟು ದಿನ ಮೊದಲಿಗಿಂತ ನಿಧಾನವಾಗುತ್ತಾನೆ. ಹೊಸ ರೀತಿ ಮೈಗೆ ಹತ್ತುವಾಗ ಹಾಗೆ ಆಗುತ್ತದೆ. ಬಹಳ ತಂದೆತಾಯಿ ಸರಿಯಾಗಿ ಆ ಹೊತ್ತಿಗೇ ಕೋಚ್ ಬದಲಿಸಿಬಿಡುತ್ತಾರೆ.

ಮೈಗೆ ಮೈ ತಾಗುವುದು ಅಂದೆ. ಹಾಕಿ ಕೆನಡಾ 2013ರಲ್ಲಿ ಚಿಕ್ಕ ಮಕ್ಕಳ ಗುಂಪುಗಳಲ್ಲಿ ಡಿಕ್ಕಿ ಹೊಡೆಯುವುದನ್ನು ನಿಲ್ಲಿಸಿತು. ಅದು ಈಗ ಶುರುವಾಗುವುದು ನಿಮ್ಮ ಮಗನ ವಯಸ್ಸಿನ ಗುಂಪಿನಲ್ಲಿ. ಮೊಣಕಾಲು ಬಗ್ಗಿಸಿ, ತಲೆ ಎತ್ತಿ, ಎಡ್ಜ್ ಮೇಲೆ ಗಟ್ಟಿಯಾಗಿ ನಿಂತವನಿಗೆ ಪೆಟ್ಟು ಕಡಿಮೆ. ಅಕಾಡೆಮಿ, ಡ್ರಾಫ್ಟ್ ಯಾವುದೂ ಬೇಡ ಅಂದುಕೊಂಡರೂ ಈ ಒಂದು ಕಾರಣಕ್ಕೆ ಸ್ಕೇಟಿಂಗ್ ಮೇಲೆ ಕೆಲಸ ಮಾಡಲೇಬೇಕು.

ನಿಮ್ಮ ಪತ್ರದಲ್ಲಿ ಕೋಚ್ ಮಾತು ಇದೆ, ಯಜಮಾನರ ಮಾತು ಇದೆ, ಮಾವನವರ ಮಾತು ಇದೆ. ಮಗನ ಮಾತು ಮೊಣಕಾಲು ನೋವಿನದ್ದು ಮಾತ್ರ. ವರದಿ ಓದಿ ಅವನಿಗೆ ಏನನಿಸಿತು? ಕಾರಿನಲ್ಲಿ ಬರುವಾಗ ಕೇಳಬೇಡಿ, ಪಂದ್ಯ ಮುಗಿದ ದಿನವೂ ಬೇಡ. ಊಟಕ್ಕೆ ಕೂತಾಗ, ‘ನಿನಗೆ ಎಲ್ಲಿ ಕಷ್ಟ ಆಗ್ತಿದೆ ಕಂದಾ?’ ಅಂತ ಒಂದು ಸಲ ಕೇಳಿ ಸುಮ್ಮನಿರಿ. ‘ಎಡಕ್ಕೆ ತಿರುಗುವಾಗ ಭಯ ಆಗುತ್ತೆ’ ಅಂತ ಹದಿನಾಲ್ಕರ ಹುಡುಗನೊಬ್ಬ ಒಮ್ಮೆ ನನಗೆ ಹೇಳಿದ್ದ. ಅವನ ತಂದೆತಾಯಿ ಎರಡು ವರ್ಷ ಅವನಿಗೆ ವೇಗದ ಕ್ಲಾಸ್ ಮಾಡಿಸಿದ್ದರು.

ಹಾಗಾಗಿ ಈ ವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ಮತ್ತು ಸ್ಕೇಟ್ ಅಂಗಡಿ. ಡಾಕ್ಟರ್ ಒಪ್ಪಿದ ಮೇಲೆ ವಿಡಿಯೊ, ಆಮೇಲೆ ಒಂದು ತಿಂಗಳು ಐಸಿನಿಂದ ರಜೆ. ಎರಡನೇ ವಿಡಿಯೊವನ್ನು ಸೆಪ್ಟೆಂಬರ್‌ನಲ್ಲಿ ಅದೇ ರಿಂಕ್‌ನಲ್ಲಿ, ಅದೇ ಜಾಗದಲ್ಲಿ ನಿಂತು ತೆಗೆಯಿರಿ. ಎರಡನ್ನೂ ಅವನ ಪಕ್ಕ ಕೂತು ನೋಡಿ. ಏನು ಬದಲಾಯಿತು ಅಂತ ಮೊದಲು ಅವನೇ ಹೇಳಲಿ. ಆಮೇಲೆ ಬೇಕಿದ್ದರೆ ನನಗೂ ಕಳಿಸಿ, ನೋಡಿ ಬರೆಯುತ್ತೇನೆ.